ಯಾವ ಇಲಿಗೆ ಯಾವ ಕ್ಯಾನ್ಸರ್: ರೇಡಿಯೇಷನ್ ಪ್ರಾಜೆಕ್ಟಿಗೆ ಹೊರಟವರಿಗೆ

ಕಳೆದ ಮಳೆಗಾಲದಲ್ಲಿ ನಮ್ಮ ಆಚೆಮನೆ ಹುಡುಗಿ, ಕೊಣಾಜೆ ಕಡೆ ಎಂಎಸ್ಸಿ ಮಾಡ್ತಿರುವವಳು, ಒಂದು ಸಂಜೆ ಕೊಡೆ ಮಡಚಿ ಜಗಲಿಯಲ್ಲಿ ಕೂತು ಕೇಳಿದ್ಳು, ಅಣ್ಣ, ಇಲಿಗೆ ರೇಡಿಯೇಷನ್ ಕೊಟ್ಟು ಕ್ಯಾನ್ಸರ್ ಬರ್ತದಾ ನೋಡುವ ಪ್ರಾಜೆಕ್ಟ್ ಬರೀತಿದ್ದೇನೆ, ಎಷ್ಟು ಗ್ರೇ ಅಂತ ಹಾಕ್ಲಿ? (ಗ್ರೇ ಅಂದ್ರೆ ರೇಡಿಯೇಷನ್ ಡೋಸಿನ ಅಳತೆ.) ನಾನು ಕೇಳಿದೆ, ಯಾವ ಇಲಿ? ಅವಳು ಹೇಳಿದ್ದು, ಬಿಳಿ ಇಲಿ ಅಣ್ಣ.

ಬಿಳಿ ಇಲಿ ಅಂದ್ರೆ ಎಂತದು ಮಾರಾಯ್ತಿ, ಬಂದರಿಗೆ ಹೋಗಿ ಮೀನು ಕೊಡಿ ಅಂದ ಹಾಗಾಯ್ತು, ಬಂಗುಡೆಯಾ ಬೂತಾಯಿಯಾ ಅಂಜಲಾ ಹೇಳ್ಬೇಡ್ವಾ. ಅವತ್ತು ರಾತ್ರಿ ಊಟದ ಹೊತ್ತಿನ ತನಕ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡ್ತಿದ್ದೇನೆ, ಯಾಕೆಂದ್ರೆ ಪ್ರತಿ ವರ್ಷ ಮಣಿಪಾಲದಿಂದ, ದೇರಳಕಟ್ಟೆಯಿಂದ ಯಾರಾದ್ರೂ ಒಬ್ರು ಇದೇ ಪ್ರಶ್ನೆ ಹಿಡ್ಕೊಂಡು ಬಂದೇ ಬರ್ತಾರೆ, ಎಲ್ರೂ ಡೋಸಿಂದ ಶುರು ಮಾಡ್ತಾರೆ. ಡೋಸ್ ಮೂರನೇ ಪ್ರಶ್ನೆ. ಮೊದಲನೇದು ಯಾವ ಇಲಿ, ಎರಡನೇದು ಯಾವ ಅಂಗದ ಕ್ಯಾನ್ಸರ್. ಇದನ್ನು ಉಲ್ಟಾ ಮಾಡಿದ್ರೆ ಎರಡು ವರ್ಷ ಉಮಿ ಬದಲಿಸಿದ್ದು, ನೀರಿನ ಬಾಟ್ಲಿ ತೊಳೆದದ್ದು ಅಷ್ಟೇ ಬಾಕಿ.

ಮೊದಲು ಇಲಿಯ ಪೂರ್ತಿ ಹೆಸರು ಬರೀರಿ

ನಮ್ಮ ಕಡೆ ಹೆಚ್ಚಿನ ಅನಿಮಲ್ ಹೌಸಲ್ಲಿ ಸುಲಭಕ್ಕೆ ಸಿಗುವುದು ಸ್ವಿಸ್ ಆಲ್ಬಿನೊ. 1926ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಿಂದ ಅಮೆರಿಕಕ್ಕೆ ಹೋದ 9 ಇಲಿಗಳ ಸಂತಾನ ಅದು, 2 ಗಂಡು 7 ಹೆಣ್ಣು. ಔಷಧಿ ಟೆಸ್ಟಿಗೆ, ರೇಡಿಯೇಷನ್‌ನಿಂದ ಕಾಪಾಡುವ ಗಿಡಮೂಲಿಕೆ ನೋಡ್ಲಿಕ್ಕೆ ಅದು ಸಾಕು. ಆದ್ರೆ ಹೆಚ್ಚಿನ ಕಡೆ ಅದನ್ನು ಔಟ್‌ಬ್ರೆಡ್ ಆಗಿಯೇ ಸಾಕುವುದು, ಅಂದ್ರೆ ಒಂದು ಕೇಜಿನ 5 ಇಲಿಗಳು ನೋಡ್ಲಿಕ್ಕೆ ಒಂದೇ ಥರ ಇದ್ರೂ ಒಳಗಿನ ಜೀನ್ ಬೇರೆ ಬೇರೆ, ನಮ್ಮ ನಿಮ್ಮ ಹಾಗೆ. ಒಂದಕ್ಕೆ ಟ್ಯೂಮರ್ ಬಂದು ಇನ್ನೊಂದಕ್ಕೆ ಬರದಿದ್ರೆ ಜೀನಿನಿಂದಲಾ, ಬರೀ ಲಕ್ಕಾ ಅಂತ ಹೇಳ್ಲಿಕ್ಕಾಗುವುದಿಲ್ಲ.

ಜೀನಿನ ಪ್ರಶ್ನೆ ಕೇಳ್ಬೇಕಾದ್ರೆ ಇನ್‌ಬ್ರೆಡ್ ಇಲಿ ಬೇಕು. ಅಣ್ಣ ತಂಗಿಯನ್ನೇ ಜೋಡಿ ಮಾಡಿ ಮಾಡಿ ಕಮ್ಮಿ ಅಂದ್ರೂ 20 ತಲೆಮಾರು ದಾಟಿದ ಮೇಲೆಯೇ ಆ ಹೆಸರು ಕೊಡುವುದು. ಅಷ್ಟಾದ ಮೇಲೆ ಒಂದು ಸ್ಟ್ರೈನಿನ, ಅಂದ್ರೆ ಒಂದು ತಳಿಯ, ಇಲಿಗಳು ಹೆಚ್ಚುಕಮ್ಮಿ ಅವಳಿಗಳ ಹಾಗೆ. ಕ್ಲಾರೆನ್ಸ್ ಕುಕ್ ಲಿಟ್ಲ್ ಎಂಬವರು 1909ರಲ್ಲಿ ಡಿಬಿಎ ಎಂಬ ಸ್ಟ್ರೈನಿಗೆ ಕೈ ಹಾಕಿದ್ದು, ಅದೇ ಮನುಷ್ಯ 1929ರಲ್ಲಿ ಅಮೆರಿಕದ ಬಾರ್ ಹಾರ್ಬರಿನಲ್ಲಿ ಜಾಕ್ಸನ್ ಲ್ಯಾಬ್ ಶುರು ಮಾಡಿದ್ದು. ಬಿಳಿ ಬಣ್ಣದ ಬಾಲ್ಬ್-ಸಿ, ಕಪ್ಪು ಬಣ್ಣದ ಸಿ57 ಬ್ಲ್ಯಾಕ್ 6, ಕಂದು ಮಿಶ್ರ ಬಣ್ಣದ ಸಿಬಿಎ, ಈ ಮೂರು ಹೆಸರು ನೆನಪಿಡಿ, ಮುಂದೆ ಇವೇ ಬರುವುದು.

ಹೆಸರಿನ ಬಾಲವನ್ನೂ ಬಿಡ್ಬೇಡಿ. ಬ್ಲ್ಯಾಕ್ 6ರಲ್ಲೇ ಕೊನೆಗೆ ಜೆ ಇದ್ದದ್ದು ಬೇರೆ, ಎನ್ ಇದ್ದದ್ದು ಬೇರೆ. ಜೆ ಇಲಿಯಲ್ಲಿ ಮೈಟೋಕಾಂಡ್ರಿಯಾದ ಕೆಲಸಕ್ಕೆ ಬೇಕಾದ ಎನ್‌ಎನ್‌ಟಿ ಎಂಬ ಜೀನ್ ಕೆಟ್ಟಿದೆ, ಎನ್ ಇಲಿಯಲ್ಲಿ ಅದು ಸರಿ ಉಂಟು ಆದ್ರೆ ಕಣ್ಣಿನ ಒಂದು ಜೀನ್ ಕೆಟ್ಟಿದೆ. ಪೇಪರಲ್ಲಿ ಬರೀ ಬ್ಲ್ಯಾಕ್ 6 ಅಂತ ಬರೆದು ಬಿಟ್ಟವರನ್ನು ನೋಡಿದ್ರೆ ನನಗೆ ಸಿಟ್ಟು ಬರ್ತದೆ.

ಒಂದು ಕಡೆ, ಹೆಸರು ಬೇಡ, ನಾನು ಬಾಲ್ಬ್-ಸಿ ಅಂತ ತಂದ ಜೋಡಿಗೆ ಒಂದು ಬೂದು ಮರಿ ಹುಟ್ಟಿತು. ಬಿಳಿ ಬಿಳಿ ಸೇರಿದ್ರೆ ಬಿಳಿಯೇ ಹುಟ್ಬೇಕು, ಆಲ್ಬಿನೊ ಜೀನಿನ ಲೆಕ್ಕ ಅಷ್ಟು ಸರಳ. ಅಂದ್ರೆ ಯಾವನೋ ಬಣ್ಣದವ ಕೇಜಿಗೆ ಹೊಕ್ಕಿದ್ದಾನೆ. ಅಲ್ಲಿನವರು ಪರ್ವಾಗಿಲ್ಲ ಸರ್, ಆ ಒಂದು ಮರಿ ತೆಗೆದುಬಿಡಿ ಅಂದ್ರು! ಅದಕ್ಕಿಂತ ಹೆದರಿಕೆಯ ವಿಷಯ ಬೇರೆ ಉಂಟು, ಹೊಕ್ಕಿದ್ದು ಸ್ವಿಸ್ ಆಲ್ಬಿನೊ ಆಗಿದ್ರೆ ಮರಿಗಳೆಲ್ಲ ಬಿಳಿಯೇ, ಕಣ್ಣಿಗೆ ಗೊತ್ತೇ ಆಗ್ತಿರಲಿಲ್ಲ. ಹಾಗಾಗಿ ಬಾಲದ ತುದಿಯಿಂದ ಡಿಎನ್‌ಎ ತೆಗೆದು ಜೀನೋಟೈಪ್, ಅಂದ್ರೆ ಒಳಗಿನ ಜೀನ್ ಯಾವುದು ಅಂತ ಪರೀಕ್ಷೆ, ಮಾಡಿಸಿಯೇ ಪ್ರಾಜೆಕ್ಟ್ ಶುರು ಮಾಡಿ, ಖರ್ಚಾದ್ರೆ ಆಗ್ಲಿ.

ಆಮೇಲೆ ಕ್ಯಾನ್ಸರ್ ಯಾವುದು ಅಂತ ತೀರ್ಮಾನ ಮಾಡಿ

ರೇಡಿಯೇಷನ್‌ಗೆ ಸೂಕ್ಷ್ಮ ಇಲಿ, ಗಟ್ಟಿ ಇಲಿ ಅಂತ ಎರಡು ಜಾತಿ ಇದೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಹಾಗಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಜಾಗ ಸೋರ್ತದೆ, ಹಳೇ ಹಂಚಿನ ಮನೆಗಳ ಹಾಗೆ.

ಬಾಲ್ಬ್-ಸಿ ಹೆಣ್ಣಿಲಿಗೆ ರೇಡಿಯೇಷನ್ ಕೊಟ್ರೆ ಸ್ತನದ ಕ್ಯಾನ್ಸರ್ ಬರ್ತದೆ, ಬ್ಲ್ಯಾಕ್ 6 ಹೆಣ್ಣಿಗೆ ಅದೇ ಡೋಸ್ ಕೊಟ್ರೆ ಅದು ಅಷ್ಟು ಸುಲಭದಲ್ಲಿ ಬರುವುದಿಲ್ಲ. ರಾಬರ್ಟ್ ಉಲ್ರಿಚ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಇದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ರು. ಸರಿ, ಬ್ಲ್ಯಾಕ್ 6 ಗಟ್ಟಿ ಅಂತಾಯ್ತಾ? ಇಲ್ಲ. ಅದೇ ಬ್ಲ್ಯಾಕ್ 6 ಇಲಿಗೆ ತಿಂಗಳ ಪ್ರಾಯದಿಂದ ವಾರಕ್ಕೊಮ್ಮೆ ಸುಮಾರು 1.7 ಗ್ರೇಯ ಹಾಗೆ 4 ವಾರ ಇಡೀ ಮೈಗೆ ಎಕ್ಸ್‌ರೇ ಕೊಡಿ, ಹೆಚ್ಚಿನವಕ್ಕೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಬರ್ತದೆ, ಅದೂ ಕೆಲವೇ ತಿಂಗಳಲ್ಲಿ. 1950ರ ದಶಕದಲ್ಲಿ ಹೆನ್ರಿ ಕಪ್ಲಾನ್ ಎಂಬ ಡಾಕ್ಟ್ರು ಇದನ್ನು ಹಿಡ್ಕೊಂಡು ಮಾಡಿದ ಕೆಲಸ ಓದ್ಲಿಕ್ಕೆ ಭಾರೀ ಖುಷಿ.

ಸಿಬಿಎ ಇಲಿಯದ್ದು ಮತ್ತೊಂದು ಕತೆ. ಇದಕ್ಕೆ ಒಂದೇ ಸಲ 3 ಗ್ರೇ ಕೊಟ್ರೆ 100ರಲ್ಲಿ 20-25 ಇಲಿಗಳಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದ್ರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಅದೂ ಎಷ್ಟೋ ಇಲಿಗೆ ಒಂದೂವರೆ ವರ್ಷದ ಹೊತ್ತಿಗೆ. ಕೊಡದಿದ್ರೆ ಆ ಕಾಯಿಲೆ ಅದಕ್ಕೆ ಬರುವುದೇ ಅಪರೂಪ. ಬ್ಲ್ಯಾಕ್ 6 ಈ ಲ್ಯುಕೇಮಿಯಾಕ್ಕೆ ಗಟ್ಟಿ. ತಮಾಷೆ ಎಂತ ಅಂದ್ರೆ 1920ರಲ್ಲಿ ಲಿಯೊನೆಲ್ ಸ್ಟ್ರಾಂಗ್ ಸಿಬಿಎಯನ್ನು ಹುಟ್ಟಿಸಿದ್ದೇ ಬಾಲ್ಬ್-ಸಿಗೂ ಮೂಲವಾದ ಬ್ಯಾಗ್ ಆಲ್ಬಿನೊ ಹೆಣ್ಣು ಮತ್ತು ಡಿಬಿಎ ಗಂಡು ಸೇರಿಸಿ. ಒಂದೇ ಕುಟುಂಬ, ಒಂದಕ್ಕೆ ಸ್ತನ ಇನ್ನೊಂದಕ್ಕೆ ರಕ್ತ.

ಹಾಗಾಗಿ ನಿಮ್ಮ ಸಿನಾಪ್ಸಿಸ್‌ನಲ್ಲಿ ಸೂಕ್ಷ್ಮ ಅಂತ ಬರೆದಲ್ಲೆಲ್ಲ ಯಾವುದಕ್ಕೆ ಸೂಕ್ಷ್ಮ ಅಂತ ಪಕ್ಕದಲ್ಲೇ ಬರೀರಿ. ಅದು ಬರೀಲಿಕ್ಕೆ ಆಗದಿದ್ರೆ ಇನ್ನೂ ಓದ್ಲಿಕ್ಕೆ ಬಾಕಿ ಉಂಟು ಅಂತ ಅರ್ಥ.

ಜೀನ್‌ಗಳ ಪರಿಚಯ ಮಾಡ್ಕೊಳ್ಳಿ, ನಾಲ್ಕೈದು ಸಾಕು

ರೇಡಿಯೇಷನ್ ಜೀವಕೋಶದ ಡಿಎನ್‌ಎಯ ಎರಡೂ ಎಳೆಯನ್ನು ಒಟ್ಟಿಗೆ ಕಡಿದುಬಿಡ್ತದೆ. ಮಲ್ಪೆಯಲ್ಲಿ ಬೋಟು ಬಂದ ಮೇಲೆ ಹರಿದ ಬಲೆ ಹರಡಿ ಕೂತು ಗಂಟು ಹಾಕ್ತಾರಲ್ಲ, ಹಾಗೆ ಜೀವಕೋಶದಲ್ಲೂ ತುದಿಗೆ ತುದಿ ಸೇರಿಸಿ ಕಟ್ಟುವ ಒಂದು ಗುಂಪು ಉಂಟು. ಆ ಗುಂಪಿನ ದೊಡ್ಡ ಕೆಲಸಗಾರನ ಹೆಸರು ಡಿಎನ್‌ಎ-ಪಿಕೆಸಿಎಸ್, ಅದನ್ನು ಮಾಡಿಸುವ ಜೀನ್ ಪಿಆರ್‌ಕೆಡಿಸಿ, ಇಲಿಯ 16ನೇ ಕ್ರೋಮೋಸೋಮಲ್ಲಿ. ಬಾಲ್ಬ್-ಸಿ ಇಲಿಯಲ್ಲಿ ಈ ಜೀನಿನ ಎರಡು ಕಡೆ ಅಕ್ಷರ ಬದಲಾಗಿ ಪ್ರೊಟೀನಿನ ಪ್ರಮಾಣವೂ ಕೆಲಸವೂ ಕಮ್ಮಿ ಆಗಿದೆ, 2001ರಲ್ಲಿ ಇದು ಗೊತ್ತಾಯ್ತು. ಬಲೆ ಕಟ್ಟುವವ ಇದ್ದಾನೆ, ಆದ್ರೆ ಕೈ ನಿಧಾನ. ಅದೇ ಜೀನ್ ಪೂರ್ತಿ ಕೆಟ್ಟದ್ದು ಸ್ಕಿಡ್ ಇಲಿ, 1983ರಲ್ಲಿ ಬಾಲ್ಬ್-ಸಿಯ ಹತ್ತಿರದ ಸಂಬಂಧದ ಒಂದು ಸ್ಟ್ರೈನಲ್ಲಿ ಸಿಕ್ಕಿದ್ದು, ಅದರಲ್ಲಿ ಕಟ್ಟುವವನೇ ಇಲ್ಲ. ಅದಕ್ಕೆ ರೋಗನಿರೋಧಕ ಶಕ್ತಿಯೂ ಇಲ್ಲ, ಉಳಿದ ಇಲಿ ಆರಾಮ ತಡ್ಕೊಳ್ಳುವ ಡೋಸಿಗೇ ಸತ್ತುಹೋಗ್ತದೆ, ಥೈಮಸ್ ಲಿಂಫೋಮಾ ಬೇರೆ. ಒಂದೇ ಜೀನ್, ಒಂದರಲ್ಲಿ ಚೂರು ಸಡಿಲ, ಇನ್ನೊಂದರಲ್ಲಿ ಪೂರ್ತಿ ಬಂದ್. ಸೂಕ್ಷ್ಮತೆ ಸ್ವಿಚ್ಚಿನ ಹಾಗೆ ಆನ್-ಆಫ್ ಅಲ್ಲ, ಫ್ಯಾನಿನ ರೆಗ್ಯುಲೇಟರಿನ ಹಾಗೆ, ಅದನ್ನು ಹುಡುಗರಿಗೆ ಹೇಳ್ಲಿಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಸಿಬಿಎಯ ಲ್ಯುಕೇಮಿಯಾದಲ್ಲಿ ಹೆಚ್ಚಿನ ಸಲ 2ನೇ ಕ್ರೋಮೋಸೋಮಿನ ಒಂದು ತುಂಡು ಹಾರಿಹೋಗಿರ್ತದೆ. ಆ ತುಂಡಲ್ಲಿ ಪಿಯು.1 ಎಂಬ ಜೀನ್ ಉಂಟು, ರಕ್ತದ ಕೋಶ ದೊಡ್ಡದಾಗಿ ಬಲಿಯಬೇಕಾದ್ರೆ ಅದು ಬೇಕು. ಜೀನಿನ ಎರಡು ಪ್ರತಿಯಲ್ಲಿ ಒಂದು ಹೀಗೆ ಹೋಯ್ತು, ಉಳಿದ ಪ್ರತಿಯಲ್ಲಿ ಎಷ್ಟೋ ಟ್ಯೂಮರಲ್ಲಿ 235ನೇ ಅಮೈನೋ ಆಸಿಡ್ ಜಾಗದಲ್ಲೇ ಅಕ್ಷರ ತಪ್ಪು. ಮೊದಲ ಪೆಟ್ಟು ರೇಡಿಯೇಷನ್‌ದು, ಎರಡನೇದು ಆಮೇಲೆ ನಿಧಾನಕ್ಕೆ ಆಗುವುದು, ಒಂದೂವರೆ ವರ್ಷ ಎಂತಕ್ಕೆ ಬೇಕು ಅಂತ ಈಗ ಗೊತ್ತಾಯ್ತಲ್ಲ.

ಟ್ಯೂಮರ್ ತಡೆಯುವ ಜೀನ್ ಪಿ53 ಎಲ್ರಿಗೂ ಗೊತ್ತು, ಒಂದು ಪ್ರತಿ ತೆಗೆದ ಇಲಿಗೆ ರೇಡಿಯೇಷನ್ ಕೊಟ್ರೆ ಟ್ಯೂಮರ್ ಬೇಗ ಬರ್ತದೆ, ಟ್ಯೂಮರ್ ತೆಗೆದು ನೋಡಿದ್ರೆ ಉಳಿದ ಒಳ್ಳೆ ಪ್ರತಿಯೂ ಹೆಚ್ಚಾಗಿ ಕಾಣೆ. ಎಪಿಸಿ ಜೀನ್ ಕೆಟ್ಟ ಮಿನ್ ಇಲಿಗೆ ಕರುಳಲ್ಲಿ ಗಂಟುಗಳು ಮೊದಲೇ ಬರ್ತವೆ, ರೇಡಿಯೇಷನ್ ಕೊಟ್ರೆ ಲೆಕ್ಕ ಹೆಚ್ಚಾಗ್ತದೆ. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಅದೇ ಮಿನ್ ಜೀನನ್ನು ಬ್ಲ್ಯಾಕ್ 6 ಮೈಯಿಂದ ಬೇರೆ ಸ್ಟ್ರೈನಿನ ಮೈಗೆ ಸೇರಿಸಿದ್ರೆ ಗಂಟುಗಳ ಲೆಕ್ಕ ಎಷ್ಟೋ ಇಳೀತದೆ, ಯಾಕೆಂದ್ರೆ 4ನೇ ಕ್ರೋಮೋಸೋಮಿನ ಮಾಮ್-1 ಎಂಬ ಜಾಗದಲ್ಲಿ ಬ್ಲ್ಯಾಕ್ 6ದ್ದು ಕೆಟ್ಟ ಪ್ರತಿ. ಜೀನ್ ಕೆಡಿಸಿದ ನಾಕ್‌ಔಟ್ ಇಲಿ ತಂದೆ, ಕೆಲಸ ಮುಗೀತು ಅಂತ ಕೂರ್ಲಿಕ್ಕಿಲ್ಲ, ಅದು ಯಾವ ಸ್ಟ್ರೈನಿನ ಮೈಯಲ್ಲಿ ಕೂತಿದೆ ಅಂತ ಕೇಳ್ಬೇಕು.

ಜೀನ್ ಅಲ್ಲದ್ದನ್ನು ಜೀನ್ ಅಂತ ಬರೀಬೇಡಿ

ಇಲ್ಲೇ ಹೆಚ್ಚಿನವರು ಬೀಳುವುದು. ಸಿ3ಎಚ್ ಎಂಬ ಇಲಿಯಲ್ಲಿ ತಾಯಿಗೆ ಸ್ತನದ ಕ್ಯಾನ್ಸರ್, ಮಗಳಿಗೂ, ಮೊಮ್ಮಗಳಿಗೂ. ವಂಶದ್ದು ಅಂತ ಯಾರಾದ್ರೂ ಹೇಳಿಯಾರು. 1936ರಲ್ಲಿ ಜಾನ್ ಬಿಟ್ನರ್ ಇಂಥದ್ದೇ ಕ್ಯಾನ್ಸರ್ ಬರುವ ಸ್ಟ್ರೈನಿನ ಮರಿಗಳನ್ನು ಹುಟ್ಟಿದ ಕೂಡ್ಲೆ ಬೇರೆ ಸ್ಟ್ರೈನಿನ ತಾಯಿಯ ಹಾಲಿಗೆ ಬಿಟ್ಟು ನೋಡಿ, ಕ್ಯಾನ್ಸರ್ ಹಾಲಿನ ಮೂಲಕ ದಾಟ್ತದೆ ಅಂತ ತೋರಿಸಿದ್ರು, ಆಮೇಲೆ ಅದು ವೈರಸ್ ಅಂತ ಗೊತ್ತಾಯ್ತು. ನಿಮ್ಮ ಕಾಲೊನಿಯಲ್ಲಿ ಆ ವೈರಸ್ ಇದ್ರೆ ಸ್ತನದ ಟ್ಯೂಮರಿನ ಲೆಕ್ಕಕ್ಕೆ ಬೆಲೆ ಇಲ್ಲ.

ಊಟದ್ದೂ ಹಾಗೆ. ಕಮ್ಮಿ ಕ್ಯಾಲೊರಿ ಕೊಟ್ಟ ಸಿ3ಎಚ್ ಇಲಿಗಳಿಗೆ ರೇಡಿಯೇಷನ್ ನಂತರದ ಲ್ಯುಕೇಮಿಯಾ ಕಮ್ಮಿ ಬಂದದ್ದನ್ನು 1997ರಲ್ಲಿ ಜಪಾನಿನವರು ತೋರಿಸಿದ್ದಾರೆ. ನಮ್ಮಲ್ಲಿ ಜೂನ್ ಜುಲೈಯಲ್ಲಿ ಫೀಡ್ ಪೆಲೆಟ್ ತೇವ ಹಿಡಿದು ಬೂಸ್ಟು ಬರ್ತದೆ, ಇಲಿ ತಿನ್ನುವುದು ಕಮ್ಮಿ ಮಾಡ್ತದೆ, ಒಂದು ಗ್ರೂಪು ಮಳೆಗಾಲದಲ್ಲಿ ಇನ್ನೊಂದು ಗ್ರೂಪು ಬೇಸಿಗೆಯಲ್ಲಿ ಮಾಡಿದ್ರೆ ನೀವು ಅಳೆಯುವುದು ಜೀನಾ ಬೂಸ್ಟಾ? ಎರಡೂ ಸ್ಟ್ರೈನ್ ಒಟ್ಟಿಗೇ, ಒಂದೇ ರೂಮಲ್ಲಿ, ಒಂದೇ ಲಾಟಿನ ಫೀಡಲ್ಲಿ ಇರ್ಬೇಕು. ತೂಕ ವಾರಕ್ಕೊಮ್ಮೆ ಬರೆದಿಡಿ.

ಪ್ರಾಯ ಇನ್ನೊಂದು. ಪ್ಯಾಚ್ಡ್-1 ಜೀನಿನ ಒಂದು ಪ್ರತಿ ಇಲ್ಲದ ಇಲಿಮರಿಗೆ ಹುಟ್ಟಿದ ಒಂದೆರಡು ದಿನದೊಳಗೆ ರೇಡಿಯೇಷನ್ ಕೊಟ್ರೆ ಮೆದುಳಿನ ಮೆಡುಲ್ಲೊಬ್ಲಾಸ್ಟೋಮಾ ಎಂಬ ಟ್ಯೂಮರ್ ತುಂಬ ಬರ್ತದೆ, ಅದೇ ಮರಿಗೆ 10 ದಿನ ಆದ ಮೇಲೆ ಕೊಟ್ರೆ ಹಾಗೆ ಹೆಚ್ಚುವುದಿಲ್ಲ. ಹತ್ತೇ ದಿನ! ಹಾಗಾಗಿ ಪ್ರಾಯ ಅಂತ 6 ರಿಂದ 10 ವಾರ ಅಂತ ಅಡ್ಡಾದಿಡ್ಡಿ ಬರೆಯುವುದಲ್ಲ, ದಿನದ ಲೆಕ್ಕ ಕೊಡಿ. ಹೆಣ್ಣಿಲಿ ಆದ್ರೆ ಓವರಿಯದ್ದೂ ಯೋಚನೆ ಮಾಡ್ಬೇಕು, ಇಲಿಯ ಓವರಿ ರೇಡಿಯೇಷನ್‌ಗೆ ಭಾರೀ ನಾಜೂಕು, ಅದು ಕೆಟ್ರೆ ಹಾರ್ಮೋನ್ ಏರುಪೇರಾಗಿ ಸ್ತನದ ಲೆಕ್ಕವೇ ತಲೆಕೆಳಗು.

ಮತ್ತೆ ಕಪ್ಲಾನ್ ಹತ್ರ ಬರ್ತೇನೆ. ಆ ಮನುಷ್ಯ ಬ್ಲ್ಯಾಕ್ 6 ಇಲಿಗೆ ರೇಡಿಯೇಷನ್ ಕೊಡುವಾಗ ತೊಡೆಗೆ ಮಾತ್ರ ಸೀಸ ಅಡ್ಡ ಇಟ್ಟು ನೋಡಿದ, ಥೈಮಸಿಗೆ ಪೂರ್ತಿ ಡೋಸ್ ಬಿದ್ರೂ ಲಿಂಫೋಮಾ ಎಷ್ಟೋ ಕಮ್ಮಿ ಆಯ್ತು, ತೊಡೆಮೂಳೆಯ ಮಜ್ಜೆ ಉಳಿದದ್ದರಿಂದ. ಅದಕ್ಕೂ ಮೇಲೆ, ಥೈಮಸ್ ತೆಗೆದ ಇಲಿಗೆ ರೇಡಿಯೇಷನ್ ಕೊಟ್ಟು ಆಮೇಲೆ ರೇಡಿಯೇಷನ್ ಕಾಣದ ಹೊಸ ಥೈಮಸ್ ಕಸಿ ಮಾಡಿದಾಗ ಆ ಹೊಸ ಥೈಮಸಲ್ಲೂ ಲಿಂಫೋಮಾ ಬಂತು. ಕಿರಣ ತಾಗದ ಅಂಗದಲ್ಲಿ ಕ್ಯಾನ್ಸರ್! ಹಾಗಾಗಿ ಸೂಕ್ಷ್ಮತೆಯ ಜೀನ್ ಅಂದ್ರೆ ಬರೀ ಡಿಎನ್‌ಎ ಕಟ್ಟುವ ಜೀನ್ ಅಂತ ಅಲ್ಲ, ಸುತ್ತಲಿನ ಮೈ ಹೇಗೆ ನಡ್ಕೊಳ್ತದೆ ಅನ್ನುವುದೂ ಅದರಲ್ಲಿ ಬಂತು. ವೈವಾದಲ್ಲಿ ಇದನ್ನು ಹೇಳಿದ್ರೆ ಎಕ್ಸ್‌ಟರ್ನಲ್ ಸ್ವಲ್ಪ ನೆಟ್ಟಗೆ ಕೂರ್ತಾರೆ, ಅನುಭವ ಉಂಟು.

ಎಷ್ಟು ಇಲಿ ಬೇಕು, ಲೆಕ್ಕ ಈಗಲೇ ಹಾಕಿ

ಗ್ರೂಪಿಗೆ 6 ಇಲಿ ಅಂತ ಒಂದು ಅಭ್ಯಾಸ ಎಲ್ಲಿಂದ ಬಂತೋ ಗೊತ್ತಿಲ್ಲ, ರಕ್ತಪರೀಕ್ಷೆಗೆ ಅದು ನಡೆದೀತು, ಕ್ಯಾನ್ಸರಿಗೆ ನಡೆಯುವುದಿಲ್ಲ. ಸಿಬಿಎಯಲ್ಲಿ 25 ಶೇಕಡ ಲ್ಯುಕೇಮಿಯಾ ಬರ್ತದೆ ಅಂತಿಟ್ಕೊಳ್ಳಿ. 10 ಇಲಿ ಇಟ್ರೆ ಒಂದಕ್ಕೂ ಬರದೇ ಇರುವ ಸಾಧ್ಯತೆ 0.75ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು 5.6 ಶೇಕಡ. ಸರಿ, 3 ಇಲಿಗೆ ಬಂತು, ರೇಡಿಯೇಷನ್ ಕೊಡದ ಕಂಟ್ರೋಲ್ ಗ್ರೂಪಿನ 10ರಲ್ಲಿ ಸೊನ್ನೆ. ವ್ಯತ್ಯಾಸ ಬರೀ ಲಕ್ಕಾ ಅಂತ ಲೆಕ್ಕ ಹಾಕುವ ಫಿಶರ್ ಟೆಸ್ಟ್ ಹಾಕಿ ನೋಡಿ, ಪಿ ವ್ಯಾಲ್ಯೂ 0.21, ಸಾಮಾನ್ಯವಾಗಿ 0.05ಕ್ಕಿಂತ ಕಮ್ಮಿ ಬೇಕು, ಯಾರೂ ಒಪ್ಪುವುದಿಲ್ಲ. 20ರಲ್ಲಿ 5, ಆಚೆ 20ರಲ್ಲಿ ಸೊನ್ನೆ ಆದ್ರೆ 0.047, ಅಂಚಿನಲ್ಲಿ ಪಾಸ್. ಅದಕ್ಕೂ 20ಕ್ಕೆ 20 ಇಲಿ ಕೊನೆ ತನಕ ಬದುಕಿರ್ಬೇಕು, ಅಷ್ಟರಲ್ಲಿ ಜಗಳ ಆಡಿ ಸತ್ತದ್ದು, ನೀರಿನ ಬಾಟ್ಲಿ ಸೋರಿ ಚಳಿಗೆ ಸತ್ತದ್ದು ಅಂತ ಒಂದೆರಡು ಹೋಗುವುದೇ. ಗ್ರೂಪಿಗೆ 30-40 ಕೇಳಿ.

ನಾನೇ ಮೊದಲ ಪ್ರಾಜೆಕ್ಟಲ್ಲಿ ಗ್ರೂಪಿಗೆ 10 ಸಿಬಿಎ ಇಟ್ಟು, 9 ತಿಂಗಳಿಗೆ ಫಂಡ್ ಮುಗೀತು ಅಂತ ಎಲ್ಲ ಮುಗಿಸಿ, ಟ್ಯೂಮರ್ ಇಲ್ಲ ಅಂತ ರಿಪೋರ್ಟ್ ಬರೆದವನು. ಟ್ಯೂಮರ್ ಇಲ್ಲದ್ದಲ್ಲ, ಅದು ಬರುವ ಮೊದಲೇ ನಾನು ಎದ್ದು ಹೋದದ್ದು. ಎರಡು ವರ್ಷದ ಎಂಎಸ್ಸಿಯಲ್ಲಿ ಮಾಡುವುದಾದ್ರೆ ಕ್ಯಾನ್ಸರ್ ಬರುವ ತನಕ ಕಾಯುವ ಆಸೆ ಬಿಡಿ. ಬಾಲ್ಬ್-ಸಿ ಮತ್ತು ಬ್ಲ್ಯಾಕ್ 6 ಎರಡಕ್ಕೂ ಒಂದೇ ಡೋಸ್ ಕೊಟ್ಟು ಡಿಎನ್‌ಎ ತುಂಡು ಎಷ್ಟು ಹೊತ್ತಿಗೆ ಕೂಡ್ತದೆ, ಮೂಳೆಮಜ್ಜೆಯ ಕೋಶಗಳಲ್ಲಿ ಮೈಕ್ರೋನ್ಯೂಕ್ಲಿಯಸ್, ಅಂದ್ರೆ ಕ್ರೋಮೋಸೋಮ್ ಚೂರಿನ ಪುಟ್ಟ ಉಂಡೆ, ಎಷ್ಟು, ಕ್ರೋಮೋಸೋಮ್ ಎಷ್ಟು ಮುರೀತದೆ ಅಂತ ನೋಡಿ, ವಾರಗಳಲ್ಲಿ ಉತ್ತರ ಸಿಗ್ತದೆ. ಕ್ಯಾನ್ಸರ್ ಪಿಎಚ್‌ಡಿಯವರಿಗೆ ಬಿಡಿ.

ಪರ್ಮಿಷನ್ ಮತ್ತು ಡೋಸ್

ಕಾಗದದ ಕೆಲಸ ಚುಟುಕಾಗಿ ಹೇಳ್ತೇನೆ. ಕಾಲೇಜಿನ ಅನಿಮಲ್ ಎಥಿಕ್ಸ್ ಕಮಿಟಿಗೆ ಫಾರ್ಮ್ ಬಿ, ಅದು ಪಾಸಾಗದೆ ಒಂದು ಇಲಿಯನ್ನೂ ಮುಟ್ಲಿಕ್ಕಿಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ 1998ರ ರೂಲ್ಸ್ ಉಂಟು. ಪ್ರಾಣಿ ಪ್ರಯೋಗದ ಮೇಲೆ ಕಣ್ಣಿಡುವ, ಮೊದಲು ಸಿಪಿಸಿಎಸ್‌ಇಎ ಅಂತಿದ್ದ ಕೇಂದ್ರ ಕಮಿಟಿಗೆ ಈಗ ಸಿಸಿಎಸ್‌ಇಎ ಅಂತ ಹೆಸರು, ಹಳೇ ಫಾರ್ಮ್ಯಾಟ್ ಕಾಪಿ ಮಾಡಿ ಕೊಡ್ಬೇಡಿ. ರೇಡಿಯೇಷನ್ ಮಷಿನಿಗೆ ಎಇಆರ್‌ಬಿ, ಅಂದ್ರೆ ಅಣುಶಕ್ತಿ ನಿಯಂತ್ರಣ ಮಂಡಳಿಯ, ಲೈಸನ್ಸ್, ರೇಡಿಯೇಷನ್ ಸೇಫ್ಟಿ ಆಫೀಸರ್, ನಿಮ್ಮ ಎದೆಗೆ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್. ಫಾರ್ಮಲ್ಲಿ ಯಾವಾಗ ಇಲಿಯ ನರಳಾಟ ನಿಲ್ಲಿಸ್ತೀರಿ ಅಂತ ಸರಿಯಾಗಿ ಬರೀರಿ, ಇಷ್ಟು ತೂಕ ಇಳಿದ್ರೆ, ಟ್ಯೂಮರ್ ಇಷ್ಟು ದೊಡ್ಡದಾದ್ರೆ, ಉಸಿರು ಕಟ್ಟಿದ್ರೆ ಅಂತ. ಥೈಮಸ್ ಲಿಂಫೋಮಾ ಬಂದ ಇಲಿ ಬೆನ್ನು ಗೂನು ಮಾಡಿ ಏದುಸಿರು ಬಿಡುವುದನ್ನು ಒಮ್ಮೆ ನೋಡಿದ್ರೆ ಆ ಕಾಲಂ ಖಾಲಿ ಬಿಡ್ಲಿಕ್ಕೆ ಮನಸ್ಸಾಗುವುದಿಲ್ಲ.

ಡೋಸನ್ನು ಗ್ರೇಯಲ್ಲಿ ಬರೀರಿ, ಒಂದು ಕಿಲೋ ಮೈಗೆ ಒಂದು ಜೂಲ್ ಶಕ್ತಿ ಬಿದ್ರೆ 1 ಗ್ರೇ. ಆಸ್ಪತ್ರೆಯ ಮಷಿನಲ್ಲಿ ಮಾಡುವುದಾದ್ರೆ ಪೇಷಂಟ್‌ಗಳೆಲ್ಲ ಮುಗಿದ ಮೇಲೆ ಸಂಜೆಗೆ ನಿಮ್ಮ ಸರದಿ, ಮೆಡಿಕಲ್ ಫಿಸಿಸಿಸ್ಟ್ ಹತ್ರ ಇಲಿ ಕೂರಿಸುವ ಪರ್ಸ್‌ಪೆಕ್ಸ್ ಡಬ್ಬಿಯ ಒಳಗೇ ಡೋಸ್ ಅಳೆಸ್ಕೊಳ್ಳಿ, ಮನುಷ್ಯನ ಟೇಬಲ್ ನೋಡಿ ಅಂದಾಜು ಹಾಕುವುದಲ್ಲ. ಡೋಸ್ ರೇಟ್, ಎಕ್ಸ್‌ರೇಯಾ ಗಾಮಾ ಕಿರಣವಾ, ಒಂದೇ ಸಲವಾ ಭಾಗ ಮಾಡಿಯಾ, ಎಲ್ಲ ಬೇಕು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅಂದ್ರೆ ಹೋದ ವರ್ಷದ ಡೋಸ್ ರೇಟ್ ಈ ವರ್ಷಕ್ಕೆ 12 ಶೇಕಡದಷ್ಟು ಇಳಿದಿರ್ತದೆ, ಸೀನಿಯರ್‌ನ ನೋಟ್‌ಬುಕ್ಕಿಂದ ನಿಮಿಷದ ಲೆಕ್ಕ ಎತ್ತಿದವರು ಇದ್ದಾರೆ. ಬ್ಲ್ಯಾಕ್ 6ಗೆ 4 ವಾರದಲ್ಲಿ ಹಂಚಿ ಕೊಡುವ 7 ಗ್ರೇಯನ್ನು ಒಂದೇ ಸಲ ಕೊಟ್ರೆ ಎಷ್ಟೋ ಇಲಿ ಮಜ್ಜೆ ಕೆಟ್ಟು ತಿಂಗಳೊಳಗೆ ಸತ್ತುಹೋಗ್ತವೆ, ಉಳಿದವಕ್ಕೂ ಲಿಂಫೋಮಾ ಅಷ್ಟು ಬರುವುದಿಲ್ಲ.

ಜೀನ್ ಹುಡುಕುವುದಾದ್ರೆ ಮದುವೆ ಮಾಡಿಸಿ

ಎರಡು ಸ್ಟ್ರೈನಿನ ನಡುವೆ ವ್ಯತ್ಯಾಸ ಕಂಡ ಮಾತ್ರಕ್ಕೆ ಜೀನ್ ಸಿಕ್ಕಿದ್ದಲ್ಲ, ಎರಡು ಸ್ಟ್ರೈನಿನ ನಡುವೆ ಲಕ್ಷಗಟ್ಟಲೆ ಕಡೆ ವ್ಯತ್ಯಾಸ ಉಂಟು. ಮೊದಲು ಎರಡನ್ನೂ ಸೇರಿಸಿ ಎಫ್-1, ಅಂದ್ರೆ ಮೊದಲ ತಲೆಮಾರಿನ ಮಿಶ್ರ ಮರಿ ಮಾಡಿ. ಬಾಲ್ಬ್-ಸಿ ಮತ್ತು ಬ್ಲ್ಯಾಕ್ 6ರ ಎಫ್-1 ಮರಿಗಳು ಸ್ತನದ ವಿಷಯದಲ್ಲಿ ಬ್ಲ್ಯಾಕ್ 6ರ ಕಡೆಗೇ ವಾಲ್ತವೆ, ಅಂದ್ರೆ ಒಂದು ಒಳ್ಳೆ ಪ್ರತಿ ಇದ್ರೆ ಸಾಕು ಅಂತ ಸೂಚನೆ. ಆಮೇಲೆ ಎಫ್-1ನ್ನು ವಾಪಸು ಸೂಕ್ಷ್ಮ ಅಪ್ಪ ಅಮ್ಮನ ಸ್ಟ್ರೈನಿಗೆ ಸೇರಿಸಿದ್ರೆ ಮರಿಗಳಲ್ಲಿ ಜೀನ್ ಕಲಸಿ ಹಂಚಿಹೋಗ್ತದೆ, ಪ್ರತಿ ಮರಿಯೂ ಬೇರೆ ಎಲೆ ಬಿದ್ದ ಇಸ್ಪೀಟಿನ ಕೈ. ಎಲ್ಲಕ್ಕೂ ಒಂದೇ ಡೋಸ್ ಕೊಟ್ಟು, ಟ್ಯೂಮರ್ ಬಂದವರ ಕೈಯಲ್ಲಿ ಯಾವ ಕ್ರೋಮೋಸೋಮಿನ ಯಾವ ತುಂಡು ಹೆಚ್ಚು ಸಲ ಉಂಟು ಅಂತ ಮಾರ್ಕರ್ ಹಾಕಿ ನೋಡುವುದು, ಇದಕ್ಕೇ ಕ್ಯೂಟಿಎಲ್ ಮ್ಯಾಪಿಂಗ್ ಅನ್ನುವುದು. ನೂರಾರು ಮರಿ ಬೇಕು. ಸಿಗುವುದು ಜೀನಲ್ಲ, ನೂರಾರು ಜೀನ್ ಇರುವ ಒಂದು ಬೀದಿ. ಮನೆ ನಂಬ್ರ ಹುಡುಕ್ಲಿಕ್ಕೆ ಇನ್ನೂ ವರ್ಷಗಳು. ಇಲ್ಲಿಯ ಸಣ್ಣ ಲ್ಯಾಬಿಗೆ ಇದು ಹೇಳಿದ್ದಲ್ಲ ಅಂತ ನನ್ನ ಅಭಿಪ್ರಾಯ, ಪೇಪರ್ ಓದ್ಲಿಕ್ಕೆ ಗೊತ್ತಿದ್ರೆ ಸಾಕು.

ಟ್ಯೂಮರ್ ನೋಡುವಾಗ

ಸತ್ತ ಪ್ರತಿ ಇಲಿಯನ್ನೂ ಕೊಯ್ದು ನೋಡಿ, ಭಾನುವಾರ ಸತ್ತದ್ದನ್ನೂ. ಕರಾವಳಿಯ ಸೆಕೆಗೆ ಕೆಲವೇ ಗಂಟೆಯಲ್ಲಿ ಅಂಗಗಳು ಕರಗ್ತವೆ, ಎಸಿ ಆಫ್ ಆಗಿದ್ರೆ ಕೇಳುವುದೇ ಬೇಡ, ಹಾಗಾಗಿ ದಿನಕ್ಕೆ ಎರಡು ಸಲ ಕೇಜ್ ನೋಡುವ ಪಾಳಿ ಹಾಕ್ಬೇಕು. ಸ್ಲೈಡ್ ಓದುವ ಪೆಥಾಲಜಿಸ್ಟಿಗೆ ಯಾವ ಸ್ಟ್ರೈನ್, ಯಾವ ಡೋಸ್ ಅಂತ ಹೇಳ್ಬೇಡಿ, ಬರೀ ನಂಬ್ರ ಕೊಡಿ.

ಬೇಗ ಬರುವ ಕ್ಯಾನ್ಸರ್ ನಿಧಾನದ್ದನ್ನು ಮುಚ್ಚಿಬಿಡ್ತದೆ, ಇದನ್ನೂ ಮರೀಬೇಡಿ. ಐದನೇ ತಿಂಗಳಲ್ಲಿ ಲಿಂಫೋಮಾದಿಂದ ಸತ್ತ ಇಲಿಗೆ ಎರಡನೇ ವರ್ಷದಲ್ಲಿ ಬೇರೆ ಟ್ಯೂಮರ್ ಬರ್ತಿತ್ತಾ ಇಲ್ವಾ ಯಾರಿಗೆ ಗೊತ್ತು. ಆದ್ರಿಂದ ಬರೀ ಶೇಕಡ ಹಾಕದೆ, ಎಷ್ಟು ದಿನಕ್ಕೆ ಎಷ್ಟು ಇಲಿ ಉಳಿದವು ಅಂತ ತೋರಿಸುವ ಕಪ್ಲಾನ್-ಮಯರ್ ಕರ್ವ್ ಹಾಕಿ, ಬೇರೆ ಕಾರಣಕ್ಕೆ ಸತ್ತವನ್ನು ಬೇರೆಯೇ ಲೆಕ್ಕ ಮಾಡಿ. ಈ ಕಪ್ಲಾನ್ ಬೇರೆ, 1958ರ ಎಡ್ವರ್ಡ್ ಕಪ್ಲಾನ್, ಥೈಮಸ್ ಕಪ್ಲಾನ್ ಅಲ್ಲ, ಒಬ್ಬ ಹುಡುಗ ಸೆಮಿನಾರಲ್ಲಿ ಇಬ್ರನ್ನೂ ಒಬ್ಬನೇ ಮಾಡಿ ಹೊಗಳಿದ್ದ.

ಮನೆಯವರು ಕೇಳಿದ್ರೆ

ಆ ಹುಡುಗಿಯ ಅಮ್ಮ ಅಷ್ಟೊತ್ತಿಗೆ ಹಪ್ಪಳ ಹಿಡ್ಕೊಂಡು ಬಂದು ಕೇಳಿದ್ರು, ಹಾಗಾದ್ರೆ ನನಗೆ ಮ್ಯಾಮೋಗ್ರಾಂ ಮಾಡಿಸ್ಲಿಕ್ಕೆ ಹೇಳಿದ್ದಾರಲ್ಲ, ಬೇಡ್ವಾ ಮಾರಾಯ್ರೆ? ಮಾಡಿಸಿ ಅಕ್ಕ. ಇಲಿಗೆ ಕೊಡುವುದು 3 ಗ್ರೇ, ಅಂದ್ರೆ 3000 ಮಿಲಿಗ್ರೇ, ಮ್ಯಾಮೋಗ್ರಾಂನಲ್ಲಿ ಸ್ತನಕ್ಕೆ ಬೀಳುವುದು ಕೆಲವೇ ಮಿಲಿಗ್ರೇ. ಸುಮ್ಮನೆ ಮನೆಯಲ್ಲಿ ಕೂತ್ರೂ ಮಣ್ಣು, ಗಾಳಿ, ಆಕಾಶದಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ (ಮನುಷ್ಯನ ಮೈಗಾಗುವ ಅಪಾಯದ ಲೆಕ್ಕದ ಅಳತೆ) ಬೀಳ್ತದೆ, ನಮ್ಮ ಉಳ್ಳಾಲದ ಕಡಲ ಹೊಯ್ಗೆಯಲ್ಲಿ ಮೊನಝೈಟ್ ಎಂಬ ವಿಕಿರಣ ಬಿಡುವ ಖನಿಜ ಇರುವ ಜಾಗಗಳಲ್ಲಿ ಹಿನ್ನೆಲೆ ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚೇ ಉಂಟು.

ಹಾಗಂತ ಇಲಿಯದ್ದು ಇಲಿಗೇ ಅಂತಲೂ ಅಲ್ಲ. ಪ್ಯಾಚ್ಡ್-1 ಜೀನಿನ ಒಂದು ಪ್ರತಿ ಕೆಟ್ಟು ಹುಟ್ಟುವ ಮಕ್ಕಳಿಗೆ ಗೋರ್ಲಿನ್ ಸಿಂಡ್ರೋಮ್ ಅಂತ ಹೆಸರು, ಅವರಿಗೆ ಮೆದುಳಿನ ಟ್ಯೂಮರಿಗೆ ರೇಡಿಯೇಷನ್ ಚಿಕಿತ್ಸೆ ಕೊಟ್ರೆ ಕಿರಣ ಬಿದ್ದ ಚರ್ಮದ ಮೇಲೆ ಬೇಸಲ್ ಸೆಲ್ ಕ್ಯಾನ್ಸರ್‌ಗಳು ಏಳ್ತವೆ, ಹಾಗಾಗಿ ಡಾಕ್ಟ್ರುಗಳು ಅಂಥವರಿಗೆ ಆದಷ್ಟು ರೇಡಿಯೇಷನ್ ತಪ್ಪಿಸ್ತಾರೆ. ವಂಶದಲ್ಲಿ ಬರುವ ರೆಟಿನೊಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಇರುವ ಮಕ್ಕಳಲ್ಲೂ ರೇಡಿಯೇಷನ್ ಕೊಟ್ಟ ಜಾಗದಲ್ಲಿ ಮುಂದೆ ಸಾರ್ಕೋಮಾ, ಅಂದ್ರೆ ಮೂಳೆ ಮಾಂಸದ ಕ್ಯಾನ್ಸರ್, ಬರುವ ಅಪಾಯ ಹೆಚ್ಚು. ಪ್ರಾಜೆಕ್ಟಿನ ಮುನ್ನುಡಿಯಲ್ಲಿ ಮನುಕುಲಕ್ಕೆ ಉಪಯೋಗ ಅಂತ ಬರೆಯುವ ಬದ್ಲು ಈ ಎರಡು ಉದಾಹರಣೆ ಬರೀರಿ.

ಆ ಹುಡುಗಿ ಕೊನೆಗೆ ಎಥಿಕ್ಸ್ ಕಮಿಟಿಗೆ ಕೊಟ್ಟ ಸಾಲು ಹೀಗಿತ್ತು: ಬಾಲ್ಬ್-ಸಿ ಮತ್ತು ಸಿ57 ಬ್ಲ್ಯಾಕ್ 6 ಜೆ, ಹೆಣ್ಣು, 56 ದಿನ ಪ್ರಾಯ, ಜೀನೋಟೈಪ್ ಖಚಿತ, ಒಂದೇ ರೂಮ್, ಒಂದೇ ಫೀಡ್, ಗಾಮಾ ಕಿರಣ 1 ಗ್ರೇ ಒಂದೇ ಸಲ, 30 ನಿಮಿಷ, 4 ಗಂಟೆ, 24 ಗಂಟೆಗೆ ಡಿಎನ್‌ಎ ತುಂಡಿನ ಲೆಕ್ಕ. ಕ್ಯಾನ್ಸರ್ ಎಂಬ ಶಬ್ದವೇ ಇಲ್ಲ. ಗೈಡ್ ಕೇಳಿದ್ರಂತೆ, ಕ್ಯಾನ್ಸರ್ ಎಲ್ಲಿ ಹೋಯ್ತು ಅಂತ. ಬಾಲದ ತುಂಡುಗಳನ್ನು ಮೈನಸ್ 80ರ ಫ್ರೀಜರಿನಲ್ಲಿ ಇಟ್ಟಿದ್ದಾಳೆ, ಕರೆಂಟ್ ಹೋದ್ರೆ ಜನರೇಟರ್ ಲೈನಿಗೆ ಇರುವ ಫ್ರೀಜರ್ ಯಾವುದು ಅಂತ ನೋಡಿಯೇ ಇಟ್ಟದ್ದು.